ಕೈಯ ಉಗುರಿಗೆ ಕಾಲಿನ ಸಾಕ್ಷಿ

ನನ್ನ ಚಿಕ್ಕಮ್ಮ ಬಲಗೈಯ ಎರಡು ಉಗುರುಗಳನ್ನು ನಲವತ್ತು ವರ್ಷ ಮಕ್ಕಳಂತೆ ಸಾಕಿದವಳು. ತೋರುಬೆರಳಿನದೊಂದು, ನಡುಬೆರಳಿನದೊಂದು. ಮೈಸೂರಿನ ಮನೆಯಲ್ಲಿ ಅವಳು ವೀಣೆ ಪಾಠ ಹೇಳುವುದು ಆ ಎರಡರ ಬಲದಿಂದ. ಬೆರಳಿಗೆ ಲೋಹದ ಸುರುಳಿ ತೊಟ್ಟು ಮೀಟುವವರೂ ಇದ್ದಾರೆ. ಅದು ಚಮಚದಲ್ಲಿ ಮೊಸರನ್ನ ತಿಂದ ಹಾಗೆ ಎಂಬುದು ಅವಳ ತೀರ್ಮಾನ. ತೆಂಗಿನಕಾಯಿಯ ಜುಟ್ಟು ಕೀಳುವುದು, ಹಲಸಿನ ತೊಳೆ ಬಿಡಿಸುವುದು, ಡಬ್ಬದ ಬಿಗಿ ಮುಚ್ಚಳ ತೆಗೆಯುವುದು ಎಲ್ಲವೂ ಆ ಮನೆಯಲ್ಲಿ ಚಿಕ್ಕಪ್ಪನ ಪಾಲಿಗೆ.

ಐವತ್ತೆಂಟರ ವಯಸ್ಸಿನಲ್ಲಿ ಅವಳ ನಡುಬೆರಳ ಉಗುರಿನ ಮೇಲೆ ಸೂಜಿಮೊನೆಯಷ್ಟು ಗುಳಿಗಳು ಕಾಣಿಸಿಕೊಂಡವು. ಕೆಲವು ತಿಂಗಳಲ್ಲಿ ಉಗುರಿನ ತುದಿ ಬೆರಳಿನಿಂದ ಬಿಟ್ಟುಕೊಂಡು ಬೆಳ್ಳಗಾಯಿತು. ತೋರುಬೆರಳೂ ಅದೇ ದಾರಿ ಹಿಡಿಯಿತು. ಮೀಟಿದರೆ ತಂತಿಯ ನಾದದ ಜೊತೆ ‘ಪಟ್’ ಎನ್ನುವ ಒಂದು ಒಣ ಸದ್ದು ಸೇರಿಕೊಳ್ಳತೊಡಗಿತು. ಪಕ್ಕದ ಮನೆಯವರು ಸೋಪಿನಪುಡಿಯನ್ನು ದೂರಿದರು. ನಾದಿನಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದಳು. ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಕಟ್ಟಡ, ಅದರಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ ಇರುತ್ತದೆ. ಆದರೂ ಉಗುರು ಕೆಟ್ಟ ಮನೆಗಳಲ್ಲೆಲ್ಲ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಒಂದಿದ್ದೇ ಇರುತ್ತದೆ.

ಮೊದಲು ನೋಡಿದ ವೈದ್ಯರು ಕೈ ನೋಡಿದರು, ಚಪ್ಪಲಿ ಬಿಡಿಸಿ ಕಾಲೂ ನೋಡಿದರು. ಬಲಗಾಲಿನ ಹೆಬ್ಬೆರಳ ಉಗುರು ಎಷ್ಟೋ ವರ್ಷಗಳಿಂದ ಹಳದಿಯಾಗಿ, ದಪ್ಪವಾಗಿ, ಕತ್ತರಿಗೆ ಬಗ್ಗದಂತಾಗಿತ್ತು. “ಇದು ಫಂಗಸ್ಸಮ್ಮ” ಎಂದರು. ಸುಮ್ಮನೆ ಹೇಳಲಿಲ್ಲ; ಕಾಲಿನ ಉಗುರಿನ ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರು. ಶಿಲೀಂಧ್ರದ ಎಳೆಗಳು ಕಂಡಿವೆ ಎಂದು ವರದಿ ಬಂತು. ದಿನಕ್ಕೊಂದರಂತೆ ಟರ್ಬಿನಾಫಿನ್ ಮಾತ್ರೆ, ಮೂರು ತಿಂಗಳು.

ಮೂರು ತಿಂಗಳಾದ ಮೇಲೆ ಕಾಲಿನ ಹೆಬ್ಬೆರಳ ಬುಡದಲ್ಲಿ ಮೂರು ಮಿಲಿಮೀಟರಿನಷ್ಟು ತಿಳಿಯಾದ ಹೊಸ ಉಗುರು ಇಣುಕಿತ್ತು. ಕೈಯ ಉಗುರುಗಳು ಮೊದಲಿಗಿಂತ ಕೆಟ್ಟಿದ್ದವು. “ಕಾಲು ವಾಸಿಯಾಗ್ತಿದೆ, ಕೈ ಹಾಳಾಗ್ತಿದೆ. ಕಾಲಲ್ಲಿ ವೀಣೆ ನುಡಿಸ್ಲಾ?” ಎಂದು ಚಿಕ್ಕಮ್ಮ ನನ್ನನ್ನೇ ಕೇಳಿದಳು, ವಿಜ್ಞಾನ ಬರೆಯುವವನಿಗೆ ಗೊತ್ತಿರಲೇಬೇಕು ಎಂಬಂತೆ.

ಉತ್ತರ ಹುಡುಕಬೇಕಾದರೆ ಉಗುರು ಎಷ್ಟು ಕಡಿಮೆ ಮಾತಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು. ಚರ್ಮಕ್ಕೆ ಕಾಯಿಲೆಯಾದರೆ ಹೇಳಿಕೊಳ್ಳಲು ನೂರು ದಾರಿ: ಕೆಂಪಾಗುತ್ತದೆ, ಬೊಬ್ಬೆಯೇಳುತ್ತದೆ, ಕೆರೆಯುತ್ತದೆ, ಸೋರುತ್ತದೆ. ನಮ್ಮ ಕಣ್ಣಿಗೆ ಕಾಣುವ ಉಗುರಿನ ಫಲಕದಲ್ಲಿ ಜೀವವೇ ಇಲ್ಲ. ದಪ್ಪವಾಗುವುದು, ಬಣ್ಣಗೆಡುವುದು, ಹಾಸಿನಿಂದ ಬಿಟ್ಟುಕೊಳ್ಳುವುದು, ಗುಳಿಬೀಳುವುದು, ಪುಡಿಯಾಗುವುದು: ಅದರ ನಿಘಂಟು ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಒಳಗಿನ ಕಾಯಿಲೆ, ಹೊರಗಿನ ಸೋಂಕು, ಬಿಗಿ ಬೂಟಿನ ಒತ್ತಡ, ಎಲ್ಲವೂ ಆ ನಾಲ್ಕೈದು ಪದಗಳಲ್ಲೇ ಮಾತಾಡಬೇಕು. ವೈದ್ಯರ ಬಳಿಗೆ ಬರುವ ಉಗುರಿನ ತೊಂದರೆಗಳಲ್ಲಿ ಶಿಲೀಂಧ್ರದ ಪಾಲು ಸುಮಾರು ಅರ್ಧ. ದಪ್ಪಗಾದ ಉಗುರನ್ನೆಲ್ಲ ಕಣ್ಣಂದಾಜಿನಲ್ಲಿ ಫಂಗಸ್ ಎಂದುಬಿಟ್ಟರೆ ನಾಣ್ಯ ಚಿಮ್ಮಿ ನೋಡಿದಷ್ಟೇ ನಿಖರತೆ ಸಿಕ್ಕೀತು.

ಪದ ಕಡಿಮೆಯಾದರೂ, ಮಾತು ಎಲ್ಲಿಂದ ಶುರುವಾಯಿತು ಎಂಬುದು ಉಗುರಿನಲ್ಲಿ ದಾಖಲಾಗುತ್ತದೆ. ಉಗುರು ಹುಟ್ಟುವುದು ಬೆರಳ ಹಿಂಬದಿಯ ಚರ್ಮದ ಮಡಿಕೆಯ ಒಳಗೆ, ಮ್ಯಾಟ್ರಿಕ್ಸ್ ಎಂಬ ಜೀವಂತ ಅಂಗಾಂಶದಲ್ಲಿ. ಹೆಬ್ಬೆರಳ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರ ಅದರ ಮುಂದಿನ ಅಂಚು. ಮ್ಯಾಟ್ರಿಕ್ಸಿನ ಹಿಂಭಾಗ ಉಗುರಿನ ಮೇಲ್ಪದರವನ್ನು ಕಟ್ಟುತ್ತದೆ, ಮುಂಭಾಗ ಕೆಳಪದರವನ್ನು. ಹೀಗೆ ತಯಾರಾದ ಫಲಕ ಮೃದುವಾದ ಹಾಸಿನ ಮೇಲೆ ಅಂಟಿಕೊಂಡೇ ಮುಂದಕ್ಕೆ ಸರಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಹತ್ತಿರ ಹತ್ತಿರ 1 ಮಿಲಿಮೀಟರ್. ಕೈಯುಗುರು ಪೂರ್ತಿ ಹೊಸದಾಗಲು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ.

ಈ ವೇಗವನ್ನು ತನ್ನದೇ ಉಗುರಿನಲ್ಲಿ ಅಳೆಯುತ್ತ ಕೂತ ಮಹಾನುಭಾವರೊಬ್ಬರಿದ್ದರು. ಅಮೆರಿಕದ ವೈದ್ಯ ವಿಲಿಯಂ ಬೆನೆಟ್ ಬೀನ್ 1941ರಲ್ಲಿ ತಮ್ಮ ಹೆಬ್ಬೆರಳ ಉಗುರಿನ ಬುಡದಲ್ಲಿ ಒಂದು ಗೀರು ಹಾಕಿಕೊಂಡರು. ಅದು ತುದಿ ತಲುಪಲು ಎಷ್ಟು ದಿನ ಹಿಡಿಯುತ್ತದೆಂದು ಲೆಕ್ಕವಿಟ್ಟರು. ಹಾಗೆ ಗೀರುತ್ತ 35 ವರ್ಷ ಕಳೆದರು. ಮೂವತ್ತೆರಡರ ಹರೆಯದಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು ಅರವತ್ತೇಳರ ಹೊತ್ತಿಗೆ 0.095ಕ್ಕೆ ಇಳಿದಿತ್ತು. ಯಾವ ಯಂತ್ರವೂ ಬೇಡದ, ತಾಳ್ಮೆಯೊಂದನ್ನೇ ಬೇಡುವ ಇಂಥ ವಿಜ್ಞಾನದ ಮೇಲೆ ನನಗೆ ಹೊಟ್ಟೆಕಿಚ್ಚಿದೆ.

ಉಗುರು ಬುಡದಿಂದ ತುದಿಗೆ ಹರಿಯುವ ನಿಧಾನ ಹೊಳೆ ಎಂದಾದರೆ, ಸಾಮಾನ್ಯವಾಗಿ ಶಿಲೀಂಧ್ರ ಅದರಲ್ಲಿ ಎದುರು ಈಜುತ್ತದೆ. ಹೆಚ್ಚಿನ ಸಲ ಅದು ಮೊದಲು ಬೀಡು ಬಿಟ್ಟಿರುವುದು ಅಂಗಾಲಿನಲ್ಲಿ, ಕಾಲ್ಬೆರಳ ಸಂದಿಯಲ್ಲಿ. ಅಲ್ಲಿಂದ ಉಗುರಿನ ತುದಿಯ ಅಡಿಗೋ ಪಕ್ಕದ ಅಂಚಿಗೋ ನುಸುಳಿ, ಹಾಸಿನ ಕೆರಾಟಿನ್ ತಿನ್ನುತ್ತ ಹಿಂದಕ್ಕೆ, ಬುಡದ ಕಡೆಗೆ ಸಾಗುತ್ತದೆ. ಉಗುರು ಬೆಳೆಯುವುದಕ್ಕಿಂತ ಶಿಲೀಂಧ್ರ ಬೆಳೆಯುವುದು ಬೇಗವಾದರೆ ಅದು ಗೆದ್ದಂತೆ. ಕಾಲುಗುರು ಕೈಯುಗುರಿಗಿಂತ ಹೆಚ್ಚು ಬಲಿಯಾಗುವುದಕ್ಕೆ ಬೂಟಿನೊಳಗಿನ ಬೆವರು ಒಂದು ಕಾರಣವಾದರೆ, ಅದರ ಆಮೆವೇಗ ಇನ್ನೊಂದು.

ಈ ಈಜುಗಾರನಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಜಗತ್ತಿನಾದ್ಯಂತ ಉಗುರು ಕೆಡಿಸುವುದರಲ್ಲಿ ಮೊದಲ ಸ್ಥಾನದಲ್ಲಿರುವ ಟ್ರೈಕೋಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರವನ್ನು ಇಟಲಿಯ ಆಲ್ಡೊ ಕಾಸ್ಟೆಲ್ಲಾನಿ 1910ರಲ್ಲಿ ಮೊದಲು ವರ್ಣಿಸಿದ್ದು ಆಗಿನ ಸಿಲೋನಿನಲ್ಲಿ ಕೆಲಸ ಮಾಡುತ್ತಿದ್ದಾಗ. ಏಷ್ಯಾದ ಬರಿಗಾಲ ಜನರ ಮೈಚರ್ಮದಲ್ಲಿ ಹುಳುಕಡ್ಡಿಯಾಗಿ ಬಾಳಿಕೊಂಡಿದ್ದ ಈ ಜೀವಿಗೆ ವಸಾಹತುಗಾರರ, ಸಿಪಾಯಿಗಳ ಬೂಟಿನೊಳಗೆ ಕತ್ತಲೆ, ತೇವ, ಬಿಸಿ ಎಲ್ಲ ಒಟ್ಟಿಗೆ ಸಿಕ್ಕಿ, ಕಾಲಿಗೆ ಇಳಿದು, ಹಡಗು ಹತ್ತಿ ಯುರೋಪು, ಅಮೆರಿಕ ಸೇರಿತು ಎಂಬುದು ಇದರ ಚರಿತ್ರೆಯನ್ನು ಕೆದಕಿದವರ ಊಹೆ. ಈಗ ನಮ್ಮ ಶಾಲಾ ಮಕ್ಕಳಿಗೂ ಆಫೀಸಿನವರಿಗೂ ದಿನವಿಡೀ ಬೂಟು ಕಡ್ಡಾಯ. ಅತಿಥಿ ಊರು ಸುತ್ತಿ ಮನೆಗೆ ಮರಳಿದ್ದಾನೆ.

ಉಗುರು ಕೆಡಿಸುವ ಇನ್ನೊಂದು ಕಾಯಿಲೆಯಾದ ಸೋರಿಯಾಸಿಸ್ ಹೊಳೆಯ ಜೊತೆಗೇ ಹರಿಯುತ್ತದೆ, ಯಾಕೆಂದರೆ ಅದು ಹುಟ್ಟುವುದು ಮೂಲದಲ್ಲಿ. ಅದು ಸೋಂಕಲ್ಲ. ದೇಹದ ರಕ್ಷಣಾ ಕಣಗಳು ಕಾರಣವಿಲ್ಲದೆ ರೊಚ್ಚಿಗೆದ್ದು ಚರ್ಮಕ್ಕೆ ‘ಬೇಗ ಬೇಗ’ ಎಂದು ಆಜ್ಞೆ ಕೊಡುತ್ತಿರುತ್ತವೆ. ತಿಂಗಳು ಹಿಡಿಯಬೇಕಾದ ಚರ್ಮದ ನವೀಕರಣ ಕೆಲವೇ ದಿನಗಳಲ್ಲಿ ಮುಗಿದು, ಬಲಿಯದ ಕೋಶಗಳು ಬೆಳ್ಳಿಬಣ್ಣದ ಹೊಟ್ಟಾಗಿ ಉದುರುತ್ತವೆ. ಇದೇ ಅವಸರ ಮ್ಯಾಟ್ರಿಕ್ಸಿನ ಹಿಂಭಾಗದಲ್ಲಿ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ನಡೆದರೆ ಉಗುರಿನ ಮೇಲ್ಪದರದಲ್ಲಿ ಅರೆಬೆಂದ ಕೋಶಗಳ ಗುಂಪುಗಳು ಸೇರಿಕೊಳ್ಳುತ್ತವೆ. ಸರಿಯಾಗಿ ಬಲಿತ ಉಗುರಿನ ಕೋಶ ತನ್ನ ಕೇಂದ್ರಬೀಜವನ್ನು ಕಳೆದುಕೊಂಡು ನೆರೆಯವರೊಡನೆ ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. ಈ ಅವಸರದ ಕೂಸುಗಳಲ್ಲಿ ಬೀಜ ಹಾಗೇ ಉಳಿದಿರುತ್ತದೆ, ಹೆಣಿಗೆ ಸಡಿಲ. ಉಗುರು ಚರ್ಮದ ಮಡಿಕೆಯಿಂದ ಹೊರಗೆ ಬಂದು ಗಾಳಿಗೆ, ಉಜ್ಜಾಟಕ್ಕೆ ಸಿಕ್ಕ ಕೂಡಲೇ ಅವು ಉದುರಿ ಹೋಗುತ್ತವೆ. ಉಳಿಯುವುದು ಗುಳಿ. ಒದ್ದೆ ಮರಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದು ನಿಂತಂತೆ ಕಾಣುತ್ತದೆ.

ಒಂದೆರಡು ಗುಳಿ ಯಾರ ಉಗುರಲ್ಲೂ ಇರಬಹುದು. ಕೂದಲು ವೃತ್ತಾಕಾರವಾಗಿ ಉದುರುವ ಕಾಯಿಲೆಯಲ್ಲೂ ಗುಳಿ ಬೀಳುತ್ತದೆ, ಆದರೆ ಅವು ಚಿಕ್ಕವು, ಆಳವಿಲ್ಲದವು, ರಂಗೋಲಿಯ ಚುಕ್ಕಿಗಳಂತೆ ಸಾಲಾಗಿರುತ್ತವೆ. ಸೋರಿಯಾಸಿಸ್‌ನ ಗುಳಿಗಳಿಗೆ ಶಿಸ್ತಿಲ್ಲ, ಗಾತ್ರ ಆಳ ಒಂದೊಂದರದು ಒಂದೊಂದು. ಶಿಲೀಂಧ್ರವಾದರೆ ಇಂಥ ಗುಳಿಗಳನ್ನು ಕೊರೆಯುವುದು ಅಪರೂಪ, ಅದರ ದಂಧೆ ಫಲಕದ ಅಡಿಯಲ್ಲಿ. ಕಣ್ಣಿಗೆ ಕಾಣುವ ಸುಳಿವುಗಳಲ್ಲಿ ನನ್ನನ್ನು ಯಾವುದನ್ನು ನಂಬುತ್ತೀರಿ ಎಂದು ಕೇಳಿದರೆ ನಾನು ಗುಳಿಯನ್ನೇ ಮೊದಲು ಹೇಳುತ್ತೇನೆ. ತೊಂದರೆಯೆಂದರೆ ಕಾಲುಗುರಿನಲ್ಲಿ ಸೋರಿಯಾಸಿಸ್ ಇದ್ದರೂ ಗುಳಿ ಕಾಣುವುದು ಕಡಿಮೆ. ಅಲ್ಲಿ ಅದೂ ದಪ್ಪವಾಗಿ, ಹಳದಿಯಾಗಿ ಶಿಲೀಂಧ್ರದ ವೇಷವನ್ನೇ ಹಾಕುತ್ತದೆ.

ಇನ್ನೊಂದು ಗುರುತು ಹಾಸಿನದು. ಬೋಂಡ ಕಟ್ಟಿಕೊಟ್ಟ ಪೇಪರಿನ ಮೇಲೆ ಎಣ್ಣೆ ಇಳಿದಂತೆ ಉಗುರಿನ ನಡುವೆ ಎಲ್ಲೋ ಒಂದು ಕೆಂಪುಮಿಶ್ರಿತ ಹಳದಿ ಮಚ್ಚೆ. ವೈದ್ಯರು ಇದನ್ನು ‘ಎಣ್ಣೆ ಹನಿ’ ಎಂದೇ ಕರೆಯುತ್ತಾರೆ. ಫಲಕದ ಅಡಿಯ ಹಾಸಿನಲ್ಲಿ ಸೋರಿಯಾಸಿಸ್‌ನ ಒಂದು ಪುಟ್ಟ ತೇಪೆ ಕೂತಿದೆ ಎಂದರ್ಥ. ಮಚ್ಚೆ ತುದಿಯವರೆಗೆ ಹಬ್ಬಿದರೆ ಉಗುರು ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡ ಬಿಳಿ ಭಾಗದ ಹಿಂದೆ ಒಂದು ಕೆಂಪು ಅಂಚು ಉಳಿಯುತ್ತದೆ. ಗೋರಂಟಿ ಹಾಕಿಸಿಕೊಳ್ಳುವ ಹೆಣ್ಣುಮಕ್ಕಳಲ್ಲಿ, ದಿನಾ ಅರಿಶಿನ ಕಲಸುವ ಅಡುಗೆಯವರಲ್ಲಿ ಈ ಬಣ್ಣದ ಲೆಕ್ಕಾಚಾರ ಕೈಕೊಡುತ್ತದೆ. ಗೋರಂಟಿ ಫಲಕದ ಮೇಲೆ ಕೂತು ಉಗುರಿನ ಜೊತೆ ಮುಂದಕ್ಕೆ ಸರಿದುಹೋಗುತ್ತದೆ, ಹಿಂದೆ ಬುಡದ ಚರ್ಮದ ಮಡಿಕೆಯ ಬಾಗಿಗೆ ಸರಿಯಾಗಿ ಹೊಂದುವ ಗೆರೆ ಬಿಡುತ್ತದೆ. ಎಣ್ಣೆ ಹನಿ ಅಡಿಯಲ್ಲಿದ್ದು, ಇದ್ದಲ್ಲೇ ಇರುತ್ತದೆ.

ಚಿಕ್ಕಮ್ಮನನ್ನು ನಾನು ಕರೆದುಕೊಂಡು ಹೋದ ಎರಡನೆಯ ಚರ್ಮವೈದ್ಯೆ ಉಗುರಿಗಿಂತ ಹೆಚ್ಚು ಹೊತ್ತು ಉಗುರಲ್ಲದ ಜಾಗಗಳನ್ನು ನೋಡಿದರು. ಮೊಣಕೈ. ಕಿವಿಯ ಹಿಂದೆ. ಹೊಕ್ಕುಳ ಸುತ್ತ.

“ತಲೆಯಲ್ಲಿ ಹೊಟ್ಟು ಇದೆಯಾ ಅಮ್ಮ?”

“ಯಾರಿಗಿಲ್ಲ ಹೇಳಿ? ನನಗೆ ಚಿಕ್ಕಂದಿನಿಂದ ಇದೆ.”

ಕೂದಲು ಸರಿಸಿ ನೋಡಿದರೆ ಕಿವಿಯ ಮೇಲಿನಿಂದ ಹಿಂದಕ್ಕೆ ಹೊಲದ ಬದುವಿನಂತೆ ಅಂಚುಕಟ್ಟಿದ, ದಪ್ಪ ಬಿಳಿಪೊರೆಯ ಕೆಂಪು ತೇಪೆ. ಚಿಕ್ಕಮ್ಮ ಇಪ್ಪತ್ತು ವರ್ಷ ನಿಂಬೆರಸ, ಮೆಂತ್ಯದ ಹಿಟ್ಟು ಹಚ್ಚಿ ಹೊಟ್ಟೆಂದು ಸಾಕಿಕೊಂಡು ಬಂದದ್ದು ಸೋರಿಯಾಸಿಸ್ ಆಗಿತ್ತು. ಚರ್ಮದಲ್ಲಿ ಸೋರಿಯಾಸಿಸ್ ಇರುವವರಲ್ಲಿ ಯಾವುದೇ ಹೊತ್ತಿಗೆ ನೋಡಿದರೂ ಸುಮಾರು ಅರ್ಧ ಮಂದಿಗೆ ಉಗುರಿನಲ್ಲೂ ಅದರ ಗುರುತಿರುತ್ತದೆ. ಜೀವಮಾನವಿಡೀ ಲೆಕ್ಕ ಹಿಡಿದರೆ ಶೇಕಡ 80–90 ಎನ್ನುತ್ತಾರೆ. ಚರ್ಮ ಪೂರ್ತಿ ಚೊಕ್ಕವಾಗಿದ್ದು ಉಗುರೊಂದರಲ್ಲೇ ಕಾಣಿಸಿಕೊಳ್ಳುವುದು ಶೇಕಡ 5ರ ಆಸುಪಾಸು. ಆ ಐದರವರ ಪಾಡು ಕಷ್ಟ, ಏಕೆಂದರೆ ಅವರ ಪರವಾಗಿ ಸಾಕ್ಷಿ ಹೇಳಲು ಮೈಯಲ್ಲಿ ಬೇರೆ ತೇಪೆ ಇರುವುದಿಲ್ಲ.

ಆಮೇಲೆ ವೈದ್ಯೆ ಉಗುರಿಗೆ ಒಂದಿಷ್ಟು ಜೆಲ್ ಸವರಿ ಡರ್ಮೋಸ್ಕೋಪ್ ಇಟ್ಟರು. ದೀಪವಿರುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಅಷ್ಟೆ. ಮೊದಲು ಕಾಲು. ಹೆಬ್ಬೆರಳ ಉಗುರು ಬಿಟ್ಟುಕೊಂಡಿದ್ದ ಜಾಗದ ಹಿಂದಿನ ಅಂಚು ಗರಗಸದ ಹಲ್ಲಿನಂತೆ ಮೊನೆಮೊನೆಯಾಗಿತ್ತು. ಉಗುರಿನ ಹಾಸಿನಲ್ಲಿ ಉದ್ದುದ್ದಕ್ಕೆ ಸಣ್ಣ ಏರುತಗ್ಗುಗಳಿವೆ, ಉತ್ತ ಹೊಲದ ಸಾಲುಗಳ ಹಾಗೆ. ಶಿಲೀಂಧ್ರ ಆ ಸಾಲುಗಳಗುಂಟ ನುಗ್ಗುತ್ತದೆ, ಒಂದು ಸಾಲಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹಲ್ಲುಗಳು ಅದರ ಮುನ್ನಡೆಯ ನಕಾಶೆ. ಹಳದಿ, ಬಿಳಿ, ಕಂದು ಗೆರೆಗಳು ಉದ್ದಕ್ಕೆ ಹರಡಿರುವುದನ್ನು ಕಂಡು ಇಟಲಿಯ ಚರ್ಮತಜ್ಞರು ಅದಕ್ಕೆ ಧ್ರುವಪ್ರಭೆಯ ಹೆಸರಿಟ್ಟಿದ್ದಾರೆ. ಕೆಟ್ಟ ಕಾಲುಗುರಿಗೆ ಇಷ್ಟು ಸುಂದರ ಹೆಸರು ಬೇಕಿತ್ತೇ ಎನಿಸಿತು, ಆದರೆ ಪರದೆಯ ಮೇಲೆ ನೋಡಿದಾಗ ಒಪ್ಪಿಕೊಂಡೆ. ಇನ್ನು ಕೈ. ಅಲ್ಲಿ ಬಿಟ್ಟುಕೊಂಡ ಭಾಗದ ಅಂಚು ನುಣುಪಾಗಿತ್ತು, ಅದರ ಹಿಂದೆ ಕುಂಕುಮದ ಗೆರೆಯಂತೆ ಕೆಂಪು. ಹಾಸಿನಲ್ಲಿ ಮುಳ್ಳು ಚುಚ್ಚಿ ಉಳಿದಂತೆ ಉದ್ದನೆಯ ಒಂದೆರಡು ಕಪ್ಪುಗೆಂಪು ಗೀಟು. ಹಿಗ್ಗಿದ ಸಣ್ಣ ರಕ್ತನಾಳಗಳು ಒಡೆದು ಜಿನುಗಿದ ರಕ್ತ ಅದು.

“ಕಾಲಿನದು ಒಂದು, ಕೈಯದು ಇನ್ನೊಂದು” ಎಂದರು ವೈದ್ಯೆ.

ಹಾಗಾದರೆ ಲ್ಯಾಬಿನ ವರದಿ ಸುಳ್ಳೇ? ಅಲ್ಲ. ಕಾಲಿನ ಉಗುರಿನ ವಿಷಯದಲ್ಲಿ ಅದರ ಪ್ರತಿ ಅಕ್ಷರವೂ ನಿಜ. ಕೈಯ ಬಗ್ಗೆ ಅದನ್ನು ಯಾರೂ ಕೇಳಿಯೇ ಇರಲಿಲ್ಲ. ವರದಿಯ ಮೇಲೆ ‘ಉಗುರಿನ ಚೂರು’ ಎಂದಷ್ಟೇ ಅಚ್ಚಾಗಿತ್ತು, ಯಾವ ಉಗುರು ಎಂದಿರಲಿಲ್ಲ. ಕಾಲಿನಲ್ಲಿ ಶಿಲೀಂಧ್ರ ಇರುವವರ ಒಂದು ಕೈಗೂ ಅದು ಹತ್ತುವುದುಂಟು. ಎರಡು ಕಾಲು, ಒಂದು ಕೈ ಎಂಬ ವಿಚಿತ್ರ ಲೆಕ್ಕ ಚರ್ಮವೈದ್ಯರಿಗೆ ಚಿರಪರಿಚಿತ. ಮೊದಲ ವೈದ್ಯರ ತರ್ಕ ಮೂರ್ಖತನದ್ದಾಗಿರಲಿಲ್ಲ. ಆದರೆ ಮೂರು ತಿಂಗಳಲ್ಲಿ ಕೈಯುಗುರು ಒಂಬತ್ತು ಮಿಲಿಮೀಟರಿನಷ್ಟು ಹೊಸದಾಗಿ ಬೆಳೆದಿತ್ತು, ಆ ಹೊಸ ಭಾಗದಲ್ಲೂ ಗುಳಿಗಳಿದ್ದವು. ಔಷಧಿ ಒಳಗಿರುವಾಗ ಹುಟ್ಟಿದ ಉಗುರೇ ಕೆಟ್ಟು ಹುಟ್ಟಿದರೆ ಶತ್ರು ಬೇರೆ ಎಂದು ಅಲ್ಲೇ ಬರೆದಿತ್ತು.

ಈ ಸಲ ಕೈಯುಗುರಿನ ಚೂರನ್ನೇ ಪರೀಕ್ಷೆಗೆ ತೆಗೆದರು. ತೆಗೆದ ರೀತಿ ನೋಡಲು ನನಗೆ ಕುತೂಹಲ. ತುದಿಯ ಪುಡಿಯನ್ನು ಕತ್ತರಿಸಿ ಬಿಸಾಡಿದರು. ಅದರಲ್ಲಿ ಸಿಗುವುದು ಸತ್ತ ಶಿಲೀಂಧ್ರ, ಸೋಪು, ಧೂಳು. ಬಿಟ್ಟುಕೊಂಡ ಉಗುರಿನ ಅಡಿಯಲ್ಲಿ ಆದಷ್ಟು ಹಿಂದಕ್ಕೆ ಹೋಗಿ, ಕೆಟ್ಟದ್ದೂ ಒಳ್ಳೆಯದೂ ಸೇರುವ ಗಡಿಯಿಂದ ಕೆರೆದುಕೊಂಡರು. ಜೀವಂತ ಶಿಲೀಂಧ್ರ ಇದ್ದರೆ ಇರುವುದು ಆ ಮುಂಚೂಣಿಯಲ್ಲಿ. ಇಷ್ಟಾದರೂ ಹಿಂದೆ ನುಂಗಿದ ಟರ್ಬಿನಾಫಿನ್ ತಿಂಗಳುಗಟ್ಟಲೆ ಉಗುರಿನಲ್ಲಿ ಉಳಿಯುತ್ತದೆ, ಹಾಗಾಗಿ ಕೆಲವು ವಾರ ಕಾಯಿಸಿಯೇ ಈ ಕೆಲಸಕ್ಕೆ ಕೈ ಹಾಕಿದ್ದರು.

ಕೆರೆದ ಪುಡಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಟ್ಟರೆ ಕೆರಾಟಿನ್ ಕರಗಿ ತಿಳಿಯಾಗುತ್ತದೆ. ಶಿಲೀಂಧ್ರದ ಗೋಡೆ ಕೈಟಿನ್‌ನದು, ಅದು ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಬಿದಿರಿನ ಗೆಣ್ಣಿನಂತೆ ಅಡ್ಡಗೋಡೆಗಳಿರುವ ಕವಲೆಳೆಗಳು ಕಾಣುತ್ತವೆ. ಅಗ್ಗದ, ಅರ್ಧ ಗಂಟೆಯ ಪರೀಕ್ಷೆ; ನೋಡುವ ಕಣ್ಣಿನ ಮೇಲೆ ನಿಂತಿದೆ. ಎಳೆ ಕಂಡರೂ ಯಾವ ಜಾತಿ ಎಂದು ತಿಳಿಯಲು ಅದನ್ನು ಬೆಳೆಸಬೇಕು. ಅದಕ್ಕಾಗಿ ಇಂದಿಗೂ ಬಳಸುವ ಸಕ್ಕರೆ, ಪೆಪ್ಟೋನ್ ಬೆರೆಸಿದ ಅಗರಿಗೆ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿದ್ದ ರೇಮಂಡ್ ಸಬೂರೊ ಅವರ ಹೆಸರಿದೆ. ಹುಳುಕಡ್ಡಿಯ ಜಾತಿಗಳನ್ನು ಜೀವನವಿಡೀ ವಿಂಗಡಿಸಿದ ಈತ ಶಿಲ್ಪಿಯೂ ಆಗಿದ್ದರು. ಅವರ ಅಗರಿನ ಮೇಲೆ ಶಿಲೀಂಧ್ರ ಎದ್ದು ಬರಲು ಎರಡರಿಂದ ನಾಲ್ಕು ವಾರ ಬೇಕು, ಎಷ್ಟೋ ಸಲ ಉಗುರಿನಲ್ಲಿ ಇದ್ದದ್ದೂ ಬಾಟಲಿಯಲ್ಲಿ ಬೆಳೆಯುವುದಿಲ್ಲ. ಕೆಲವೊಮ್ಮೆ ಬೇಡದ್ದು ಬೆಳೆಯುತ್ತದೆ: ಬ್ರೆಡ್ಡಿನ ಮೇಲೆ ಬರುವ ಬೂಸ್ಟಿನ ಬೀಜಾಣುಗಳು ಗಾಳಿಯಲ್ಲೆಲ್ಲ ಇವೆ. ಅವನ್ನು ತಡೆಯಲು ಸೈಕ್ಲೋಹೆಕ್ಸಿಮೈಡ್ ಬೆರೆಸಿದರೆ, ನಿಜಕ್ಕೂ ಉಗುರು ಕೆಡಿಸುವ ಕೆಲವು ಬೂಸ್ಟುಗಳೂ ಅದಕ್ಕೆ ಬಲಿಯಾಗುತ್ತವೆ. ಹೀಗಾಗಿ ಬಲ್ಲ ಲ್ಯಾಬುಗಳು ಅದು ಇರುವ ಬಾಟಲಿಯೊಂದು, ಇಲ್ಲದ ಬಾಟಲಿಯೊಂದು ಇಡುತ್ತವೆ.

ಮೂರನೆಯ ದಾರಿ ಕತ್ತರಿಸಿದ ಉಗುರಿನ ಚೂರನ್ನು ರೋಗಶಾಸ್ತ್ರದವರಿಗೆ ಕೊಡುವುದು. ಅವರು ತೆಳ್ಳಗೆ ಹೆಚ್ಚಿ ಪಿಎಎಸ್ ಬಣ್ಣ ಹಾಕಿದರೆ ಶಿಲೀಂಧ್ರದ ಗೋಡೆ ಕಡುಗುಲಾಬಿಯಾಗಿ ಎದ್ದು ಕಾಣುತ್ತದೆ. ಹಳೆಯ ಪರೀಕ್ಷೆಗಳಿಗಿಂತ ಇದರ ಕಣ್ಣು ಚುರುಕು. ಜಾತಿಯನ್ನು ಮಾತ್ರ ಹೇಳದು. ಅದಕ್ಕೀಗ ದೊಡ್ಡ ಊರುಗಳಲ್ಲಿ ಪಿಸಿಆರ್ ಇದೆ. ಚಿಕ್ಕಮ್ಮನ ಚೂರಿನಲ್ಲಿ ಗುಲಾಬಿ ಎಳೆಗಳಿರಲಿಲ್ಲ. ಕೇಂದ್ರಬೀಜ ಕಳೆದುಕೊಳ್ಳದ ಕೋಶಗಳ ರಾಶಿ ಇತ್ತು, ನಡುನಡುವೆ ಬಿಳಿ ರಕ್ತಕಣಗಳ ಗುಂಪು. ಇವನ್ನಷ್ಟೇ ನೋಡಿ ಸೋರಿಯಾಸಿಸ್ ಎಂದು ಸಹಿ ಹಾಕುವ ಹಾಗಿಲ್ಲ. ಶಿಲೀಂಧ್ರ ಹೊಕ್ಕ ಉಗುರಿನಲ್ಲೂ ಹೀಗೇ ಬಿಳಿಕಣ ಸೇರುತ್ತವೆ. ಶಿಲೀಂಧ್ರ ಇಲ್ಲ ಎಂಬುದು, ಗುಳಿ, ಕೆಂಪು ಅಂಚು, ತಲೆಯ ತೇಪೆ, ಎಲ್ಲ ಸೇರಿ ಹೇಳಿದ ಮೇಲೆಯೇ ತೀರ್ಪು.

ಎರಡೂ ಒಂದೇ ಉಗುರಿನಲ್ಲಿ ಕೂತಿರುವ ಪ್ರಕರಣಗಳೂ ಇವೆ, ಅಪರೂಪವೇನಲ್ಲ. ಸೋರಿಯಾಸಿಸ್ ಉಗುರನ್ನು ಎತ್ತಿ ಬಾಗಿಲು ತೆರೆದಿಟ್ಟರೆ ತೇವದಲ್ಲಿ ಕಾದಿರುವ ಶಿಲೀಂಧ್ರಕ್ಕೆ ಆಹ್ವಾನ ಬೇಕಿಲ್ಲ. ಒಂದರ ವರದಿ ಇನ್ನೊಂದನ್ನು ತಳ್ಳಿಹಾಕುವುದಿಲ್ಲ ಎಂಬುದೇ ಈ ರೋಗಜೋಡಿಯ ಕಿರಿಕಿರಿ.

ತಪ್ಪಿದರೆ ಏನಾಗುತ್ತದೆ? ಶಿಲೀಂಧ್ರವನ್ನು ಸೋರಿಯಾಸಿಸ್ ಎಂದುಕೊಂಡು ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಕಾವಲುಗಾರರಿಗೆ ನಿದ್ದೆಮಾತ್ರೆ ಕೊಟ್ಟು ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರಕೆಯ ಟ್ಯೂಬುಗಳು ನಮ್ಮ ದೇಶದಲ್ಲಿ ಹುಳುಕಡ್ಡಿಯನ್ನು ಯಾವ ಮಟ್ಟಕ್ಕೆ ಬೆಳೆಸಿವೆಯೆಂದರೆ, 2020ರಲ್ಲಿ ಹೆಸರು ಪಡೆದ ಒಂದು ಹಟಮಾರಿ ಜಾತಿಗೆ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದೇ ನಾಮಕರಣವಾಗಿದೆ. ಅದರ ಹಲವು ತಳಿಗಳು ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. ಅದು ಉಗುರಿಗಿಂತ ಮೈಚರ್ಮದ ಮೇಲೆ ಹೆಚ್ಚು ಹಬ್ಬುತ್ತದೆ, ಅಷ್ಟೇ ಸಮಾಧಾನ. ತಿರುಗುಮುರುಗಾದ ತಪ್ಪು, ಅಂದರೆ ಚಿಕ್ಕಮ್ಮನಿಗಾದದ್ದು, ಮೇಲ್ನೋಟಕ್ಕೆ ನಿರಪಾಯ: ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಂಡು ನುಂಗಿದ ಬೇಡದ ಮಾತ್ರೆ. ಅವಳಿಗೆ ಕಾಲಿನ ಮಟ್ಟಿಗೆ ಅದು ಬೇಕೂ ಇತ್ತು. ಆದರೆ ಟರ್ಬಿನಾಫಿನ್ ಕೆಲವರಲ್ಲಿ ಸೋರಿಯಾಸಿಸ್ಸನ್ನು ಕೆರಳಿಸಿದ ವರದಿಗಳಿವೆ. ಅವಳ ಕೈ ಕೆಟ್ಟದ್ದಕ್ಕೆ ಅದು ಕಾರಣವೋ, ಕಾಯಿಲೆ ತನ್ನ ಪಾಡಿಗೆ ಏರುತ್ತಿತ್ತೋ, ಒಬ್ಬಳೇ ರೋಗಿಯನ್ನು ನೋಡಿ ಯಾರೂ ಹೇಳಲಾರರು.

ಇನ್ನೊಂದು ಕಾರಣವಂತೂ ಅವಳ ಮಡಿಲಲ್ಲೇ ಇತ್ತು. ಜರ್ಮನ್ ಚರ್ಮವೈದ್ಯ ಹೈನ್ರಿಶ್ ಕೋಬ್ನರ್ ಹತ್ತೊಂಬತ್ತನೇ ಶತಮಾನದಲ್ಲಿ ಗಮನಿಸಿದ್ದು: ಸೋರಿಯಾಸಿಸ್ ಇರುವವರ ಚೆನ್ನಾಗಿರುವ ಚರ್ಮಕ್ಕೆ ಗಾಯವಾದರೆ ಗಾಯದ ಗೆರೆಯಗುಂಟ ಹೊಸ ತೇಪೆ ಏಳುತ್ತದೆ. ಗೀರು, ಹಚ್ಚೆ, ಕುದುರೆಯ ಕಡಿತ, ಏನಾದರೂ ಸರಿ. ಉಗುರೂ ಇದಕ್ಕೆ ಹೊರತಲ್ಲ. ದಿನಕ್ಕೆ ಮೂರು ಗಂಟೆ ಉಕ್ಕಿನ, ಹಿತ್ತಾಳೆಯ ತಂತಿಯನ್ನು ಮೀಟುವ ಎರಡು ಬೆರಳುಗಳಲ್ಲೇ ಅದು ಎದ್ದದ್ದು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಸಾಲದ್ದಕ್ಕೆ, ಫಂಗಸ್ ಎಂದುಕೊಂಡ ಚಿಕ್ಕಮ್ಮ ದಿನಾ ಸ್ನಾನವಾದ ಮೇಲೆ ಪಿನ್ನಿನಿಂದ ಉಗುರಿನ ಅಡಿ ಕೆದಕಿ ಸ್ವಚ್ಛ ಮಾಡುತ್ತಿದ್ದಳು.

“ಪಿನ್ನು ಇವತ್ತೇ ಬಿಸಾಕಿ. ವೀಣೆ ಬಿಡಿ ಅಂತ ನಾನು ಹೇಳಲ್ಲ, ಸ್ವಲ್ಪ ದಿನ ಸುರುಳಿ ಹಾಕ್ಕೊಳ್ಳಿ” ಎಂದರು ವೈದ್ಯೆ. ಚಮಚದಲ್ಲಿ ಮೊಸರನ್ನ ತಿನ್ನುವ ಕಾಲ ಬಂದೇ ಬಂತು.

ಹೊರಡುವ ಮುಂಚೆ ಅವರು ಕೇಳಿದ ಒಂದು ಪ್ರಶ್ನೆಗೆ ಇಡೀ ಪ್ರಕರಣ ಹೊರಳಿತು. “ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಕಷ್ಟ ಆಗುತ್ತಾ?” ಆಗುತ್ತಿತ್ತು. ಒಂದು ಗಂಟೆ ಬೇಕಾಗುತ್ತಿತ್ತು ಸಡಿಲವಾಗಲು. ವಯಸ್ಸಾಯಿತಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ನಡುಬೆರಳ ಕೊನೆಯ ಗೆಣ್ಣು ಸ್ವಲ್ಪ ಊದಿದ್ದು ನಮಗೆ ಆಗಲೇ ಕಂಡದ್ದು.

ಬೆರಳ ಕೊನೆಯ ಕೀಲಿಗೂ ಉಗುರಿಗೂ ಇರುವ ದೂರ ಕೆಲವೇ ಮಿಲಿಮೀಟರು. ಬೆರಳನ್ನು ನೇರ ಮಾಡುವ ಸ್ನಾಯುರಜ್ಜು ಆ ಕೀಲನ್ನು ದಾಟಿ ಮೂಳೆಗೆ ಅಂಟುವಲ್ಲಿ ಅದರ ನಾರುಗಳು ಮುಂದುವರಿದು ಉಗುರಿನ ಬುಡವನ್ನೂ ಅಪ್ಪಿಕೊಂಡಿವೆ. ಇಂಗ್ಲೆಂಡಿನ ಲೀಡ್ಸ್‌ನ ಡೆನಿಸ್ ಮೆಕ್‌ಗೊನಗಲ್ ಮತ್ತು ಜೊತೆಗಾರರು ಸ್ಕ್ಯಾನುಗಳಲ್ಲಿ, ಅಂಗಾಂಶದ ತೆಳುಪದರಗಳಲ್ಲಿ ಇದನ್ನು ತೋರಿಸಿದ ಮೇಲೆ ಉಗುರನ್ನು ಚರ್ಮದ ಬಾಲಂಗೋಚಿಯಾಗಿ ನೋಡುವುದು ಕಡಿಮೆಯಾಯಿತು. ಕೀಲಿನ ಕುಟುಂಬಕ್ಕೂ ಅದು ಸೇರಿದೆ. ಸೋರಿಯಾಸಿಸ್‌ನ ಸಂಧಿವಾತ ಇರುವವರಲ್ಲಿ ಶೇಕಡ 80ರಷ್ಟು ಜನರ ಉಗುರು ಕೆಟ್ಟಿರುತ್ತದೆ. ಈ ಸಂಧಿವಾತವನ್ನು ಗುರುತಿಸಲು 2006ರಲ್ಲಿ ರೂಪಿಸಿದ ಕ್ಯಾಸ್ಪರ್ ಎಂಬ ಮಾನದಂಡಗಳಲ್ಲಿ ಕೆಟ್ಟ ಉಗುರಿಗೇ ಒಂದು ಅಂಕವಿದೆ. ಸಾಮಾನ್ಯವಾಗಿ ನಾವು ಕೇಳುವ ರುಮಟಾಯ್ಡ್ ಸಂಧಿವಾತ ಬೆರಳ ಕೊನೆಯ ಗೆಣ್ಣನ್ನು ಬಹುಪಾಲು ಬಿಟ್ಟುಬಿಡುತ್ತದೆ, ಇದು ಅಲ್ಲಿಗೇ ಹೋಗಿ ಕೂರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಮೂಳೆಯನ್ನು ಸವೆಸುತ್ತದೆ, ಸವೆದ ಮೂಳೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಶಿಲೀಂಧ್ರ ಎಷ್ಟೇ ಉಪದ್ರವ ಕೊಟ್ಟರೂ ಕೀಲಿಗೆ ಕೈ ಹಾಕುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಅಂದಚೆಂದಕ್ಕಿಂತ ದೊಡ್ಡ ಕಾರಣ ಸಿಕ್ಕಿದ್ದು ನನ್ನ ಮಟ್ಟಿಗೆ ಆ ಊದಿದ ಗೆಣ್ಣಿನಲ್ಲಿ.

ಕೀಲುತಜ್ಞರು ಎಕ್ಸ್‌ರೇ ತೆಗೆಸಿದರು. ಮೂಳೆ ಇನ್ನೂ ಉಳಿದಿತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಬರೆದರು. ವಾರಕ್ಕೊಮ್ಮೆ ಎಂಬುದರ ಕೆಳಗೆ ಎರಡು ಗೆರೆ ಎಳೆದು, ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು ಎಂದು ಚಿಕ್ಕಪ್ಪನನ್ನೂ ಕೂರಿಸಿಕೊಂಡು ಹೇಳಿದರು. ಉಗುರಿನ ಬುಡಕ್ಕೆ ಹಚ್ಚಲು ಸ್ಟಿರಾಯ್ಡ್, ಕ್ಯಾಲ್ಸಿಪೊಟ್ರಿಯಾಲ್ ಸೇರಿದ ಮುಲಾಮು. ಬುಡಕ್ಕೇ ಏಕೆಂದರೆ ಕಾರ್ಖಾನೆ ಅಲ್ಲಿದೆ, ಬೆಳೆದ ಫಲಕದ ಮೇಲೆ ಸವರಿದರೆ ಹೆಂಚಿನ ಮೇಲೆ ನೀರು ಹೊಯ್ದಂತೆ. ಅಲ್ಲಿಗೇ ಸೂಜಿ ಚುಚ್ಚಿ ಸ್ಟಿರಾಯ್ಡ್ ಕೊಡುವುದೂ ಇದೆ, ಕೆಲಸ ಮಾಡುತ್ತದೆ, ನೋವು ಜೀವ ಹೋಗುವಷ್ಟು. ಇವಕ್ಕೆ ಬಗ್ಗದಿದ್ದರೆ ಅಡಾಲಿಮುಮಾಬ್, ಸೆಕುಕಿನುಮಾಬ್‌ನಂಥ ಜೈವಿಕ ಔಷಧಿಗಳಿವೆ, ಬೆಲೆ ಕೇಳಿದರೆ ಕೀಲಿನ ಜೊತೆ ಎದೆಯೂ ಹಿಡಿದುಕೊಳ್ಳುತ್ತದೆ.

ಪಾಠಕ್ಕೆ ಬರುವ ಹುಡುಗಿಯರ ತಾಯಂದಿರಲ್ಲಿ ಇಬ್ಬರು, ಅದೇ ವೀಣೆ ಮುಟ್ಟಿದರೆ ಮಕ್ಕಳಿಗೂ ಬರುತ್ತದಾ ಎಂದು ವಿಚಾರಿಸಿದರು. ಕಾಲಿನ ಶಿಲೀಂಧ್ರ ಒಬ್ಬರಿಂದ ಒಬ್ಬರಿಗೆ ಹೋಗಬಲ್ಲದು: ಬಚ್ಚಲ ಒದ್ದೆ ನೆಲ, ಒಂದೇ ಟವೆಲು, ಒಂದೇ ನೇಲ್‌ಕಟರ್. ಅದರ ಬಗ್ಗೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಕಾಲು ಸೀರೆಯ ಅಂಚಿನಡಿ ಇತ್ತು. ಯಾರಿಗೂ ಅಂಟದ ಸೋರಿಯಾಸಿಸ್ ತಂತಿಯ ಮೇಲಿತ್ತು, ಎಲ್ಲರಿಗೂ ಕಂಡಿತು.

ಬೀನ್ ಮಹಾಶಯರ ಕಥೆ ಹೇಳಿದ್ದೇ ತಡ, ಚಿಕ್ಕಮ್ಮ ನೇಲ್‌ಕಟರಿನ ಅರದಿಂದ ಒಂದು ತೆಳು ಗೀರು ಹಾಕಿಕೊಳ್ಳಲು ಹೊರಟಳು. ಕೋಬ್ನರ್ ನೆನಪು ಮಾಡಿ ತಡೆದೆ. ಈಗ ತಿಂಗಳ ಮೊದಲ ದಿನ ಮೊಬೈಲಿನಲ್ಲಿ ಒಂದು ಫೋಟೊ ಕಳಿಸುತ್ತಾಳೆ, ಪಕ್ಕದಲ್ಲಿ ಮೊಮ್ಮಗನ ಸ್ಕೇಲು. ನಾಲ್ಕನೆಯ ಫೋಟೊದಲ್ಲಿ ನಡುಬೆರಳ ಬುಡದಿಂದ ಎಂಟು ಮಿಲಿಮೀಟರು ನುಣುಪು, ಕೊನೆಯ ಗುಳಿಗಳು ತುದಿಯ ಕಡೆಗೆ ಹೊರಟಿವೆ. ಐದನೆಯದರಲ್ಲಿ ಅವು ಇನ್ನೂ ಮುಂದೆ. ಕಾಲಿನ ಹೆಬ್ಬೆರಳ ಫೋಟೊ ಅವಳು ಕಳಿಸುವುದಿಲ್ಲ. ಅದಕ್ಕೆ ಇನ್ನೊಂದು ದಸರೆ ಕಳೆಯಬೇಕು.